ಕೊಶ್ಚುಷ್ಕೊಗೆ ಪ್ರತಿಮೆ ಏಕೆ?

ಪ್ರಶ್ನೆ: ಅಮೆರಿಕದ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯಲ್ಲಿ ಪೋಲೆಂಡಿನ ಕೊಶ್ಚುಷ್ಕೊ ಪ್ರತಿಮೆ ಇದೆಯಲ್ಲ, ಅದು ಅವನು ಗುಲಾಮರನ್ನು ಬಿಡಿಸಿದ್ದಕ್ಕೆ ಸಂದ ಗೌರವವೇ?

ಅಲ್ಲ. ಎಷ್ಟು ಸಲ ಹೇಳಿದರೂ ಈ ಪ್ರಶ್ನೆ ಮತ್ತೆ ಬರುತ್ತದೆ. ಅದು ಎಂಜಿನಿಯರನಿಗೆ ಸಂದ ಗೌರವ. ಬ್ರಿಟನ್ ವಿರುದ್ಧ ಅಮೆರಿಕದ ಸ್ವಾತಂತ್ರ್ಯ ಯುದ್ಧ ನಡೆಯುತ್ತಿದ್ದಾಗ, 1776ರಲ್ಲಿ, ಅಮೆರಿಕಕ್ಕೆ ಬಂದ ತದೇವುಷ್ ಕೊಶ್ಚುಷ್ಕೊ, ಮರುವರ್ಷ ಸಾರಟೋಗಾ ಬಳಿಯ ಬೆಮಿಸ್ ಹೈಟ್ಸ್ ದಿಬ್ಬವನ್ನು ಭದ್ರಪಡಿಸಿದ. ಬ್ರಿಟಿಷ್ ಸೇನಾನಿ ಬರ್ಗೋಯ್ನ್ ಅಕ್ಟೋಬರ್‌ನಲ್ಲಿ ಶರಣಾದ. 1778ರಿಂದ 1780ರವರೆಗೆ ಕೊಶ್ಚುಷ್ಕೊ ವೆಸ್ಟ್ ಪಾಯಿಂಟ್‌ನಲ್ಲಿದ್ದ. ಹಡ್ಸನ್ ನದಿ ಅಲ್ಲಿ ಥಟ್ಟನೆ ತಿರುಗುವುದರಿಂದ ಹಾಯಿಹಡಗುಗಳು ನಿಧಾನಿಸಲೇಬೇಕು. ಸುತ್ತಲಿನ ಗುಡ್ಡಗಳ ಮೇಲೆ, ಒಂದಕ್ಕೊಂದು ಆಸರೆಯಾಗುವಂತೆ ಸಣ್ಣ ಕೋಟೆಗಳನ್ನು ಹರಡಿದ. ಬ್ರಿಟಿಷರು ಅದರ ಮೇಲೆ ದಾಳಿಯನ್ನೇ ಮಾಡಲಿಲ್ಲ. ಅಲ್ಲಿನ ಅಮೆರಿಕನ್ ಸೇನಾನಿಯೇ ಆಗಿದ್ದ ಬೆನೆಡಿಕ್ಟ್ ಆರ್ನಾಲ್ಡ್ ಎಂಬ ದ್ರೋಹಿಯಿಂದ ಅದನ್ನು ಕೊಳ್ಳಲು ನೋಡಿದರು. ಕೋಟೆ ಕಟ್ಟಿದವನಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿಪತ್ರ ಬೇಕೆ? 1828ರಲ್ಲಿ ಅಲ್ಲಿನ ಕೆಡೆಟ್‌ಗಳೇ ಅವನಿಗೆ ಸ್ಮಾರಕಸ್ತಂಭ ನಿಲ್ಲಿಸಿದರು. ಅದರ ಮೇಲಿನ ಪ್ರತಿಮೆ ಬಂದದ್ದು 1913ರಲ್ಲಿ.

ಇನ್ನು ಗುಲಾಮರ ವಿಷಯ. 1798ರಲ್ಲಿ ಅಮೆರಿಕ ಬಿಡುವ ಮುನ್ನ ಅವನು ಉಯಿಲು ಬರೆದದ್ದು ನಿಜ. ಅಲ್ಲಿರುವ ತನ್ನ ಹಣದಿಂದ ಗುಲಾಮರನ್ನು ಕೊಂಡು ಬಿಡುಗಡೆ ಮಾಡಿ, ಕಸುಬು ಕಲಿಸಬೇಕೆಂದು ಬರೆದು, ಹೊಣೆಯನ್ನು ಮುಂದೆ ಅಮೆರಿಕದ ಅಧ್ಯಕ್ಷನಾದ ಥಾಮಸ್ ಜೆಫರ್‌ಸನ್‌ಗೆ ವಹಿಸಿದ. ಜೆಫರ್‌ಸನ್‌ನ ಸ್ವಂತ ಗುಲಾಮರನ್ನೂ ಆ ಹಣದಿಂದ ಬಿಡಿಸಬಹುದಿತ್ತು! ಎಲ್ಲರೂ ಇಲ್ಲಿಗೆ ಓದುವುದನ್ನು ನಿಲ್ಲಿಸಿ ಕಣ್ಣೊರೆಸಿಕೊಳ್ಳುತ್ತಾರೆ. ದಯವಿಟ್ಟು ಮುಂದಿನದನ್ನೂ ಓದಿ. 1817ರಲ್ಲಿ ಕೊಶ್ಚುಷ್ಕೊ ಸ್ವಿಟ್ಜರ್ಲೆಂಡಿನಲ್ಲಿ ತೀರಿಕೊಂಡ. ಜೆಫರ್‌ಸನ್ ವಯಸ್ಸಾಯಿತೆಂದು ಹೊಣೆಯಿಂದ ಜಾರಿಕೊಂಡ. ಯುರೋಪಿನಲ್ಲಿ ಕೊಶ್ಚುಷ್ಕೊ ಬರೆದಿದ್ದ ಬೇರೆ ಉಯಿಲುಗಳು ಹೊರಬಂದು, ಬಂಧುಗಳೂ ಕೋರ್ಟಿಗೆ ಬಂದರು. ವ್ಯಾಜ್ಯ ದಶಕಗಳ ಕಾಲ ಎಳೆಯಿತು. 1816ರ ಉಯಿಲು ಹಿಂದಿನದನ್ನು ರದ್ದು ಮಾಡಿದೆ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1852ರಲ್ಲಿ ತೀರ್ಪಿತ್ತಿತು. ಹಣ ಯುರೋಪಿನ ವಾರಸುದಾರರ ಪಾಲಾಯಿತು. ಆ ಹಣದಿಂದ ಒಬ್ಬ ಗುಲಾಮನೂ ಬಿಡುಗಡೆಯಾಗಲಿಲ್ಲ. ಅಷ್ಟರಲ್ಲಿ ಜೆಫರ್‌ಸನ್ ಸತ್ತು, ಸಾಲ ತೀರಿಸಲು ಅವನ ಎಸ್ಟೇಟಿನ ಸುಮಾರು 130 ಗುಲಾಮರನ್ನು 1827ರಲ್ಲಿ ಹರಾಜಿಗಿಟ್ಟಾಗಿತ್ತು. ಉದ್ದೇಶಕ್ಕಾಗಿ ಕೊಶ್ಚುಷ್ಕೊನನ್ನು ಹೊಗಳಿ, ನನ್ನ ತಕರಾರಿಲ್ಲ. ಆಗದ ಕೆಲಸವನ್ನು ಆಯಿತೆನ್ನಬೇಡಿ, ಅದರಿಂದ ಬಚಾವಾಗುವವನು ಜೆಫರ್‌ಸನ್.

ಯಾರೂ ಕೇಳದ ಇನ್ನೊಂದು ವಿಷಯವನ್ನೂ ಹೇಳಿಬಿಡುತ್ತೇನೆ. ಆಸ್ಟ್ರೇಲಿಯಾದ ಮುಖ್ಯ ಭೂಭಾಗದ ಅತಿ ಎತ್ತರದ ಶಿಖರಕ್ಕೆ (2,228 ಮೀಟರ್) ಇದೇ ಹೆಸರಿದೆ. ಇಟ್ಟವನು ಪೋಲೆಂಡಿನ ಅನ್ವೇಷಕ ಸ್ಟ್ರೆಲೆಟ್ಸ್ಕಿ, 1840ರಲ್ಲಿ. ಕೊಶ್ಚುಷ್ಕೊ ನೆನಪಿಗೆಂದು ಕ್ರಾಕೋವ್ ನಗರದಲ್ಲಿ ಜನ ಮಣ್ಣು ಹೊತ್ತು ಎಬ್ಬಿಸಿದ ದಿಬ್ಬವೊಂದಿದೆ. ಶಿಖರ ಅದರಂತೆ ಕಂಡಿತಂತೆ. ಕೊಶ್ಚುಷ್ಕೊ ಆಸ್ಟ್ರೇಲಿಯಾ ನೋಡಿದವನೇ ಅಲ್ಲ. ಅಲ್ಲಿಯೂ ಅವನು ಕೋಟೆ ಕಟ್ಟಿದ ಎಂದು ಮುಂದಿನ ವಾರ ಯಾರೂ ಬರೆಯಬೇಡಿ.