ಗೋವಾದಲ್ಲಿ ಗೆದ್ದ ಕೋಚ್ ಭಾರತ ತಂಡದಲ್ಲಿ ಯಾಕೆ ಗೆಲ್ಲಲಿಲ್ಲ?

ಪ್ರಶ್ನೆ: ಮನೋಲೊ ಮಾರ್ಕೆಜ್ ಎಫ್‌ಸಿ ಗೋವಾವನ್ನು ಅಷ್ಟು ಚೆನ್ನಾಗಿ ಆಡಿಸಿದರು. ಅದೇ ಹೊತ್ತಿನಲ್ಲಿ ಭಾರತ ತಂಡಕ್ಕೂ ಅವರೇ ಕೋಚ್ ಆಗಿದ್ದರು. ಅಲ್ಲಿ 8 ಪಂದ್ಯದಲ್ಲಿ ಒಂದೇ ಗೆಲುವು. ಹಾಗಾದರೆ ಅವರು ಒಳ್ಳೆಯ ಕೋಚ್ ಹೌದೋ ಅಲ್ಲವೋ? ಯಾವ ಲೆಕ್ಕ ನಂಬಬೇಕು?

ವಾಸ್ಕೋದ ಓದುಗರೊಬ್ಬರು ಕೇಳಿದ್ದಾರೆ. ಝುವಾರಿನಗರದಿಂದ ಮಡಗಾಂವ್‌ವರೆಗೆ ನಮ್ಮ ಕನ್ನಡದವರು ಎಲ್ಲಿ ಸೇರಿ ಫುಟ್‌ಬಾಲ್ ಮಾತಾಡಿದರೂ ಈ ಪ್ರಶ್ನೆ ಬಂದೇ ಬರುತ್ತದೆ. ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಅವರು ಒಳ್ಳೆಯ ಕೋಚ್. ಎರಡು ಲೆಕ್ಕವೂ ನಿಜ. ಆದರೆ ಎರಡರಲ್ಲಿ ಯಾವುದೂ ಕೋಚ್ ಒಬ್ಬರ ಲೆಕ್ಕ ಅಲ್ಲ. ಅದು ಆ ಕೋಚ್, ಆ ಆಟಗಾರರು, ಆ ಕೆಲಸ ಮೂರೂ ಸೇರಿದ ಲೆಕ್ಕ.

2024-25ರ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಲೀಗ್ ಹಂತದಲ್ಲಿ ಗೋವಾ 24 ಪಂದ್ಯ ಆಡಿತು. 14 ಗೆಲುವು, 6 ಡ್ರಾ, 4 ಸೋಲು. ಮೋಹನ್ ಬಗಾನ್ ಬಿಟ್ಟರೆ ಗೋವಾನೇ ಮುಂದೆ. ಗೆಲುವಿನ ಪ್ರಮಾಣ ಶೇ 58. ಭಾರತ ತಂಡದಲ್ಲಿ 8 ಪಂದ್ಯ, 1 ಗೆಲುವು, 4 ಡ್ರಾ, 3 ಸೋಲು. ಶೇ 12.5. ಆ ಒಂದು ಗೆಲುವೂ ಮಾಲ್ಡೀವ್ಸ್ ವಿರುದ್ಧ, ಸ್ನೇಹ ಪಂದ್ಯದಲ್ಲಿ. ಹೆಚ್ಚುಕಡಿಮೆ ಅವವೇ ತಿಂಗಳುಗಳು, ಅದೇ ತಲೆ, ಅದೇ ತಿಳಿವಳಿಕೆ. ಕೋಚ್‌ನ ಗುಣವೊಂದೇ ಈ ಸಂಖ್ಯೆಯಲ್ಲಿ ಕಾಣುವುದಾದರೆ ಇಷ್ಟು ಅಂತರ ಬರಲು ಸಾಧ್ಯವೇ ಇಲ್ಲ, ಅಲ್ವಾ?

ಹಾಗಾದರೆ ಬದಲಾದದ್ದು ಏನು? ಮೊದಲನೆಯದು ಗೋಲು ಹೊಡೆಯುವವರು. ಐಎಸ್‌ಎಲ್‌ನಲ್ಲಿ ಒಂದು ತಂಡ ಒಮ್ಮೆಗೆ ನಾಲ್ವರು ವಿದೇಶಿಯರನ್ನು ಆಡಿಸಬಹುದು. ಹೆಚ್ಚಿನ ಕ್ಲಬ್‌ಗಳು ಅವರನ್ನು ಮುಂದೆ ಮತ್ತು ನಡು ಮೈದಾನದಲ್ಲೇ ಇಡುತ್ತವೆ. ಗೋವಾದಲ್ಲಿ ಮನೋಲೊ ಕೈಯಲ್ಲಿ ಅಲ್ಬೇನಿಯಾದ ಅರ್ಮಾಂಡೊ ಸಾದಿಕು ಇದ್ದರು. ಸ್ಪೇನ್‌ನ ಇಕರ್ ಗ್ವಾರೊಚೆನಾ, ಬೋರ್ಹಾ ಹೆರೆರಾ ಇದ್ದರು. ಭಾರತ ತಂಡದ ಕ್ಯಾಂಪಿಗೆ ಹೋದರೆ ಇವರು ಯಾರೂ ಇಲ್ಲ. ವರ್ಷಾನುಗಟ್ಟಲೆ ವಿದೇಶಿ ಸ್ಟ್ರೈಕರ್‌ಗಳೇ ಆಡಿದ ಲೀಗ್‌ನಲ್ಲಿ ನಮ್ಮ ಸ್ಟ್ರೈಕರ್‌ಗಳು ಬೆಂಚಿನಲ್ಲೇ ಬೆಳೆದರು. 2024ರ ಜೂನ್‌ನಲ್ಲಿ ವಿದಾಯ ಹೇಳಿದ್ದ ಸುನಿಲ್ ಛೆಟ್ರಿಯನ್ನು 2025ರ ಮಾರ್ಚ್‌ನಲ್ಲಿ ಮತ್ತೆ ಕರೆಸಬೇಕಾಯಿತು ಅಂದರೆ ಪರಿಸ್ಥಿತಿ ಹೇಗಿತ್ತು ಅಂತ ನೀವೇ ಯೋಚಿಸಿ. ಕೋಚ್ ಒಬ್ಬರು ಆಟಗಾರರ ಕೊರತೆ ಬಗ್ಗೆ ಮಾತಾಡಿದರೆ ‘ಕುಣಿಯಲಾರದವಳು ನೆಲ ಡೊಂಕು ಅಂದಳಂತೆ’ ಅಂದುಬಿಡುತ್ತೇವೆ. ಕೆಲವು ಸಲ ನೆಲ ನಿಜವಾಗಿಯೂ ಡೊಂಕಾಗಿರುತ್ತದೆ.

ಎರಡನೆಯದು ಸಮಯ. ಕ್ಲಬ್ ಕೋಚ್‌ಗೆ ಆಟಗಾರರು ದಿನಾ ಸಿಗುತ್ತಾರೆ. ದೇಶದ ಕೋಚ್‌ಗೆ ಪಂದ್ಯಕ್ಕೆ ಮುಂಚಿನ ಕೆಲವೇ ದಿನ. ಇಲ್ಲಿ ಮನೋಲೊ ಮೇಲೂ, ಅದಕ್ಕೆ ಒಪ್ಪಿದ ಫೆಡರೇಷನ್ ಮೇಲೂ ನನಗೆ ಬೇಸರ ಇದೆ. ಎರಡು ಕೆಲಸ ಒಟ್ಟಿಗೆ ಮಾಡಿಸಬಾರದಿತ್ತು.

ಇನ್ನು 8 ಪಂದ್ಯ ಅನ್ನುವ ಮಾತು. ಒಂದು ತಂಡಕ್ಕೆ ಪ್ರತಿ ಪಂದ್ಯದಲ್ಲೂ ಗೆಲ್ಲುವ ಸಾಧ್ಯತೆ ಶೇ 30 ಇದೆ ಅಂತ ಇಟ್ಟುಕೊಳ್ಳಿ. ಆ ತಂಡ 8 ಪಂದ್ಯ ಆಡಿ ಒಂದೇ ಗೆಲ್ಲುವ ಅಥವಾ ಒಂದೂ ಗೆಲ್ಲದೇ ಹೋಗುವ ಸಾಧ್ಯತೆ ಎಷ್ಟು ಗೊತ್ತಾ? ನಾಲ್ಕರಲ್ಲಿ ಒಂದು. ಅಂದರೆ ಅದು ಅಪರೂಪದ ಸಂಗತಿಯೇ ಅಲ್ಲ. ಪ್ರತಿ ಪಂದ್ಯದಲ್ಲೂ ಶೇ 50 ಸಾಧ್ಯತೆ ಇರುವ ತಂಡಕ್ಕೆ ಹಾಗಾಗುವುದು ಶೇ 4ಕ್ಕಿಂತ ಕಡಿಮೆ. ಹಾಗಾಗಿ ಆ 8 ಪಂದ್ಯ ನೋಡಿ ಒಂದು ಮಾತು ಧೈರ್ಯವಾಗಿ ಹೇಳಬಹುದು: ಈ ಭಾರತ ತಂಡ ಅರ್ಧಕ್ಕರ್ಧ ಪಂದ್ಯ ಗೆಲ್ಲುವ ತಂಡ ಆಗಿರಲಿಲ್ಲ. ಅದಕ್ಕಿಂತ ಜಾಸ್ತಿ ಹೇಳಲು ಆ ಸಂಖ್ಯೆಗೆ ಶಕ್ತಿ ಇಲ್ಲ.

ಶೇಕಡಾವಾರು ಲೆಕ್ಕಕ್ಕಿಂತ ನಾನು ಜಾಸ್ತಿ ನಂಬುವುದು ಬೇರೊಂದನ್ನು. ಆ ಕೋಚ್ ಬರುವ ಮೊದಲು ಅದೇ ತಂಡ ಹೇಗಿತ್ತು? ಅವರು ಹೋದ ಮೇಲೆ ಏನಾಯಿತು? ಮನೋಲೊಗೆ ಮೊದಲು ಇಗೊರ್ ಸ್ಟಿಮಾಚ್ ಇದ್ದರು. 2024ರಲ್ಲಿ ಅವರ ಕೈಕೆಳಗೆ ಭಾರತ 7 ಪಂದ್ಯ ಆಡಿ ಒಂದನ್ನೂ ಗೆಲ್ಲಲಿಲ್ಲ, ಹೊಡೆದದ್ದು ಎರಡೇ ಗೋಲು. ಹಿಂದಿನ ವರ್ಷ ಬೆಂಗಳೂರಿನ ಕಂಠೀರವದಲ್ಲಿ ದಕ್ಷಿಣ ಏಷ್ಯಾ ದೇಶಗಳ ಸ್ಯಾಫ್ ಕಪ್ ಎತ್ತಿದ್ದೂ ಇದೇ ಸ್ಟಿಮಾಚ್ ತಂಡ. ಮನೋಲೊ ನಂತರ ಬಂದವರು ಖಾಲಿದ್ ಜಮೀಲ್. ಅವರು ಶುರುವಿನಲ್ಲೇ ಮಧ್ಯ ಏಷ್ಯಾದ ಕಾಫಾ ನೇಷನ್ಸ್ ಕಪ್‌ನಲ್ಲಿ ಮೂರನೇ ಸ್ಥಾನ ತಂದುಕೊಟ್ಟರು. ಸಮಸ್ಯೆ ಬಗೆಹರಿಯಿತು ಅಂದುಕೊಂಡೆವು. 2025ರ ಅಕ್ಟೋಬರ್ 14ರಂದು ನಮ್ಮ ಗೋವಾದ ಫತೋರ್ಡಾ ಮೈದಾನದಲ್ಲೇ, ಮೊದಲ ಗೋಲು ನಾವೇ ಹೊಡೆದೂ, ಸಿಂಗಾಪುರಕ್ಕೆ 1-2ರಲ್ಲಿ ಸೋತೆವು. ಏಷ್ಯನ್ ಕಪ್‌ಗೆ ಅರ್ಹತೆ ಪಡೆಯುವ ಬಾಗಿಲು ಮುಚ್ಚಿತು. ಮೂವರು ಕೋಚ್, ಮೂರು ಬಗೆಯ ಆಟ, ಗೋಲಿನ ಬರ ಮಾತ್ರ ಅದೇ. ಆಗ ಬೆರಳು ಯಾರ ಕಡೆ ತೋರಿಸಬೇಕು?

ಈ ‘ಮೊದಲು, ನಂತರ’ ಲೆಕ್ಕವನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಎಫ್‌ಸಿ ಗೋವಾದ 2019-20ರ ಸೀಸನ್ ನೆನಪಿಸಿಕೊಳ್ಳಿ. ತಂಡ ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲಿತ್ತು, ಲೀಗ್‌ನಲ್ಲಿ ಮೂರೇ ಪಂದ್ಯ ಬಾಕಿ. ಆಗ ಕೋಚ್ ಸೆರ್ಜಿಯೊ ಲೊಬೆರಾ ಅವರನ್ನು ತೆಗೆದುಹಾಕಿದರು. ಕ್ಲಿಫರ್ಡ್ ಮಿರಾಂಡ ತಾತ್ಕಾಲಿಕವಾಗಿ ಹೊಣೆ ಹೊತ್ತರು. ಉಳಿದ ಮೂರನ್ನೂ ಗೋವಾ ಗೆದ್ದಿತು, ಕೊನೆಯದನ್ನು ಜಮ್ಶೆಡ್‌ಪುರದಲ್ಲಿ 5-0ಯಿಂದ. ಲೀಗ್ ಹಂತದಲ್ಲಿ ಮೊದಲ ಸ್ಥಾನ ಪಡೆದವರಿಗೆ ಕೊಡುವ ಲೀಗ್ ಶೀಲ್ಡ್, ಐಎಸ್‌ಎಲ್‌ನ ಮೊದಲನೆಯದು, ನಮ್ಮದಾಯಿತು. ಲೀಗ್ ದಾಖಲೆಯಲ್ಲಿ ಮಿರಾಂಡ ಗೆಲುವು ನೂರಕ್ಕೆ ನೂರು. ಶೀಲ್ಡ್ ಮಾತ್ರ ಹದಿನೈದು ಪಂದ್ಯಗಳ ಕೆಲಸ ಮುಗಿಸಿ ಹೋದ ಲೊಬೆರಾ ಅವರದ್ದೂ ಹೌದು. ಮಿರಾಂಡರನ್ನು ಕಡೆಗಣಿಸಿ ಹೇಳುತ್ತಿಲ್ಲ. 2023ರಲ್ಲಿ ಒಡಿಶಾಕ್ಕೆ ಸೂಪರ್ ಕಪ್ ಗೆಲ್ಲಿಸಿ ತಮ್ಮ ಕೈಚಳಕ ತೋರಿಸಿದರು. ಆದರೆ ಆ ಮೂರು ಪಂದ್ಯ ಅದಕ್ಕೆ ಸಾಕ್ಷಿ ಅಲ್ಲ.

ಲೊಬೆರಾ ಮುಂದಿನ ಸೀಸನ್ ಮುಂಬೈ ಸಿಟಿಗೆ ಹೋದರು, ಶೀಲ್ಡ್ ಮತ್ತು ಫೈನಲ್ ಗೆದ್ದವರಿಗೆ ಸಿಗುವ ಕಪ್ ಎರಡನ್ನೂ ಗೆದ್ದರು. ಹಾಗಾದರೆ ಎಲ್ಲಾ ಅವರದ್ದೇ ಮಹಿಮೆಯಾ? ಅವರ ಜೊತೆ ಗೋವಾದಿಂದ ಹ್ಯೂಗೊ ಬೂಮೂಸ್, ಅಹ್ಮದ್ ಜಾಹು, ಮೂರ್ತಾದ ಫಾಲ್, ಮಂದಾರ್ ರಾವ್ ದೇಸಾಯಿ ಕೂಡ ಹೋಗಿದ್ದರು. 2019ರ ಕೊನೆಗೆ ಸಿಟಿ ಫುಟ್‌ಬಾಲ್ ಗ್ರೂಪ್‌ನ ದುಡ್ಡೂ ಆ ಕ್ಲಬ್ಬಿಗೆ ಬಂದಿತ್ತು. ಇದರಲ್ಲಿ ಕೋಚ್‌ನ ಪಾಲು ಇಷ್ಟು ಅಂತ ಬಿಡಿಸಿ ಹೇಳಲು ನನಗಂತೂ ಆಗುವುದಿಲ್ಲ. ದೊಡ್ಡದು ಅಂತ ಮಾತ್ರ ಹೇಳಬಲ್ಲೆ, ಯಾಕೆಂದರೆ ಎರಡೂ ಕಡೆ ತಂಡ ಆಡಿದ ರೀತಿ ಒಂದೇ ಇತ್ತು.

ಕೋಚ್‌ನ ಬೆಲೆ ಗೆಲುವಿನ ಸಂಖ್ಯೆಯಲ್ಲಿ ಕಾಣದೇ ಹೋಗುವುದಕ್ಕೆ ನನಗೆ ಇಷ್ಟವಾದ ಉದಾಹರಣೆ ಮುಂಬೈಯದ್ದು. ಖಾಲಿದ್ ಜಮೀಲ್ ಅಲ್ಲಿನ ಮುಂಬೈ ಎಫ್‌ಸಿಯನ್ನು ವರ್ಷಗಟ್ಟಲೆ ನಡೆಸಿದರು. ಕೂಪರೇಜ್ ಮೈದಾನದಲ್ಲಿ ಆ ತಂಡ ನೋಡಿದವರಿಗೆ ಗೊತ್ತು, ದೊಡ್ಡ ಹೆಸರಿನವರು ಕಡಿಮೆ, ದುಡ್ಡೂ ಕಡಿಮೆ. ಆಗಿನ ದೇಶದ ಮೇಲಿನ ದರ್ಜೆಯ ಲೀಗ್ ಆದ ಐ-ಲೀಗ್ ಗೆಲ್ಲಲಿಲ್ಲ. ಆದರೆ ಅವರಿದ್ದಷ್ಟು ವರ್ಷ ಕೆಳಗಿನ ದರ್ಜೆಗೆ ಇಳಿಯಲೂ ಇಲ್ಲ. ಬರೀ ಗೆಲುವಿನ ಶೇಕಡಾ ನೋಡಿ ಕೋಚ್ ಹುಡುಕುವವರು ಆ ಹೆಸರಿನ ಮೇಲೆ ಕಣ್ಣನ್ನೇ ಹಾಯಿಸುತ್ತಿರಲಿಲ್ಲ. 2016-17ರಲ್ಲಿ ಅವರು ಮಿಜೋರಾಂನ ಐಜ್ವಾಲ್ ಎಫ್‌ಸಿಗೆ ಹೋದರು. ಮುಂಬೈಯಲ್ಲಿ ತಮ್ಮ ಬಳಿ ಆಡಿದ್ದ ಜಯೇಶ್ ರಾಣೆ, ಆಶುತೋಷ್ ಮೆಹ್ತಾ ಅಲ್ಲೂ ಜೊತೆಗಿದ್ದರು. ಹಿಂದಿನ ಸೀಸನ್ ಕೆಳಗಿಳಿಯುವ ಸ್ಥಾನದಲ್ಲಿ ಮುಗಿಸಿದ್ದ ಆ ತಂಡ ಐ-ಲೀಗ್ ಗೆದ್ದಿತು. ಅದೇ ಸೀಸನ್ ಮುಂಬೈ ಎಫ್‌ಸಿ ಕೊನೆಯ ಸ್ಥಾನಕ್ಕೆ ಬಿತ್ತು.

ಡ್ರಾ ಬಗ್ಗೆಯೂ ಒಂದು ಮಾತು. ಶೇಕಡಾವಾರು ಗೆಲುವಿನಲ್ಲಿ ಡ್ರಾಗೂ ಸೋಲಿಗೂ ವ್ಯತ್ಯಾಸವೇ ಇಲ್ಲ. ಪೆನಾಲ್ಟಿ ಶೂಟೌಟ್‌ನಲ್ಲಿ ಗೆದ್ದ ಪಂದ್ಯ ದಾಖಲೆಯಲ್ಲಿ ಡ್ರಾ. ಕಂಠೀರವದ ಆ ಸ್ಯಾಫ್ ಫೈನಲ್ ಕೂಡ ಡ್ರಾ ಲೆಕ್ಕಕ್ಕೇ ಸೇರುತ್ತದೆ. 2021ರ ಏಷ್ಯನ್ ಚಾಂಪಿಯನ್ಸ್ ಲೀಗ್‌ನಲ್ಲಿ ಹುವಾನ್ ಫೆರಾಂಡೊ ಅವರ ಗೋವಾ 6 ಪಂದ್ಯ ಆಡಿತು. ಗೆಲುವು ಸೊನ್ನೆ, ಡ್ರಾ 3. ಕತಾರ್‌ನ ಅಲ್ ರಯ್ಯಾನ್, ಯುಎಇಯ ಅಲ್ ವಹ್ದಾ ಅಂಥ ತಂಡಗಳನ್ನು ಫತೋರ್ಡಾದಲ್ಲಿ ತಡೆದು ನಿಲ್ಲಿಸಿದ ಆ ರಾತ್ರಿಗಳು ಭಾರತದ ಕ್ಲಬ್ ಫುಟ್‌ಬಾಲ್‌ಗೆ ದೊಡ್ಡ ಹೆಮ್ಮೆ. ಕೋವಿಡ್‌ನಿಂದ ಗ್ಯಾಲರಿ ಖಾಲಿ ಇತ್ತು ಅನ್ನುವ ನೋವು ನನಗೆ ಇವತ್ತಿಗೂ ಇದೆ. ಪಂದ್ಯಕ್ಕೆ ಸರಾಸರಿ ಎಷ್ಟು ಅಂಕ ಅಂತ ನೋಡಿದರೆ ಕನಿಷ್ಠ ಆ ಮೂರು ಡ್ರಾಗಳಾದರೂ ಲೆಕ್ಕಕ್ಕೆ ಬರುತ್ತವೆ.

ಐದಾರು ಪಂದ್ಯ ಸೋತ ಕೂಡಲೇ ಕೋಚ್ ಕಿತ್ತುಹಾಕಿ ಅಂತ ಕೂಗು ಏಳುತ್ತದಲ್ಲ, ಅದರ ಬಗ್ಗೆ ನೆದರ್ಲೆಂಡ್ಸ್‌ನ ಅರ್ಥಶಾಸ್ತ್ರಜ್ಞ ಬಾಸ್ ಟೆರ್ ವೀಲ್ ಡಚ್ ಲೀಗ್‌ನ ಲೆಕ್ಕ ತೆಗೆದು ನೋಡಿದ್ದಾರೆ. ಕೋಚ್ ಬದಲಿಸಿದ ತಂಡಗಳು ಚೇತರಿಸಿಕೊಂಡವು. ಅಷ್ಟೇ ಕೆಟ್ಟ ಹೊತ್ತಿನಲ್ಲೂ ಕೋಚ್ ಉಳಿಸಿಕೊಂಡ ತಂಡಗಳೂ ಹಾಗೆಯೇ ಚೇತರಿಸಿಕೊಂಡವು. ಹಾಗಾಗಿ ಆ ಹೊತ್ತಿನಲ್ಲಿ ಸೋಲುಗಳನ್ನು ಸುಮ್ನೆ ಎಣಿಸುವ ಬದಲು ಎಕ್ಸ್‌ಜಿ (ನಿರೀಕ್ಷಿತ ಗೋಲು) ನೋಡಿ. ತಂಡಕ್ಕೆ ಎಷ್ಟು ಒಳ್ಳೆಯ ಅವಕಾಶ ಸಿಕ್ಕಿತು, ಎದುರಾಳಿಗೆ ಎಷ್ಟು ಕೊಟ್ಟಿತು ಅನ್ನುವ ಅಳತೆ ಅದು. ಒಂದು ಪೆನಾಲ್ಟಿಗೆ ಮುಕ್ಕಾಲು ಗೋಲಿಗಿಂತ ಸ್ವಲ್ಪ ಜಾಸ್ತಿ ಬೆಲೆ, ದೂರದಿಂದ ಹೊಡೆದ ಶಾಟ್‌ಗೆ ಅದರಲ್ಲಿ ಚೂರುಪಾರು. ಹತ್ತು ಪಂದ್ಯದಲ್ಲಿ ಅವಕಾಶ ನಮ್ಮದೇ ಜಾಸ್ತಿ ಇದ್ದೂ ಸೋತಿದ್ದರೆ ಕೋಚ್‌ಗೆ ಇನ್ನಷ್ಟು ಸಮಯ ಕೊಡಿ ಅನ್ನುತ್ತೇನೆ. ಅವಕಾಶವೇ ಹುಟ್ಟದೆ ಗೆಲ್ಲುತ್ತಿದ್ದರೆ, ಪಟ್ಟಿಯಲ್ಲಿ ಮೇಲಿದ್ದಾಗಲೇ ಅವರನ್ನು ಪ್ರಶ್ನೆ ಕೇಳಿ.