ಮನೆ ರಿಪೇರಿ ಗುತ್ತಿಗೆ ನೋಂದಣಿ: ನಾನು ಎಡವಿದ 20 ಲಕ್ಷ

ಬಾತ್‌ರೂಮ್ ಒಡೆದು ಹೊಸದು ಮಾಡುವ ಕೆಲಸ ನನ್ನದು. ಮೇಸ್ತ್ರಿಗಿರಿಯಿಂದ ಸ್ವಂತ ಗುತ್ತಿಗೆಗೆ ಇಳಿಯುವಾಗ ಬರೆದಿಟ್ಟುಕೊಂಡದ್ದು ಇದು.

ಉದ್ಯಮ್, ಅಂದರೆ ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಮಾಡುವ ನೋಂದಣಿ, ಸುಲಭ: ಆಧಾರ್, ಪಾನ್, ಓಟಿಪಿ. ಪೂರ್ತಿ ಉಚಿತ. ದುಡ್ಡು ಕೇಳಿದರೆ ಅದು ಸರ್ಕಾರದ ಪೋರ್ಟಲ್ ಅಲ್ಲ. ಆಫೀಸು ಇಟ್ಟರೆ ಕಾರ್ಮಿಕ ಇಲಾಖೆಯಲ್ಲಿ 1961ರ ಅಂಗಡಿ ಕಾಯ್ದೆಯಡಿ ನೋಂದಣಿಯೂ ಬೇಕು.

ಈಗ ಜಿಎಸ್‌ಟಿ. ಎರಡು ವಾರ ತಲೆ ಕೆಟ್ಟಿದ್ದು ಇಲ್ಲೇ.

ಕರ್ನಾಟಕದಲ್ಲಿ ಬರೀ ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟಿದರೆ ನೋಂದಣಿ, ಸೇವೆಗೆ 20 ಲಕ್ಷ. ಟೈಲ್ಸ್, ಸಿಮೆಂಟ್, ಕಮೋಡ್ ಎಲ್ಲ ನಾನೇ ತರುತ್ತೇನೆ, ಬಿಲ್ಲಿನಲ್ಲಿ ಸಾಮಾನಿನ ಪಾಲೇ ಜಾಸ್ತಿ. ಹಾಗಾದ್ರೆ 40 ಅಲ್ವಾ? ಅಲ್ಲ! ಗೋಡೆಗೆ, ನೆಲಕ್ಕೆ ಸೇರಿಹೋಗುವ ಕೆಲಸವನ್ನು ಮೆಟೀರಿಯಲ್ ಸಮೇತ ಒಪ್ಪಿಕೊಂಡರೆ ಅದು ವರ್ಕ್ಸ್ ಕಾಂಟ್ರಾಕ್ಟ್. ಕಾನೂನಿನ ಲೆಕ್ಕದಲ್ಲಿ ಇಡೀ ಬಿಲ್ಲೇ ಸೇವೆ. ಟೈಲ್ಸ್ ಬೇರೆ, ಕೂಲಿ ಬೇರೆ ಅಂತ ಎರಡು ಸಾಲು ಬರೆದರೂ ಬದಲಾಗಲ್ಲ. ಮಿತಿ 20.

ನನ್ನ ಲೆಕ್ಕ: ಒಂದು ಬಾತ್‌ರೂಮಿಗೆ 2,80,000. ಅದರಲ್ಲಿ ಸಾಮಾನು 1,70,000, ಕೂಲಿ 1,10,000. ವರ್ಷಕ್ಕೆ 12 ಮಾಡಿದರೆ 33,60,000. 40ರ ಒಳಗಿದ್ದೇನೆ ಅಂತ ನೆಮ್ಮದಿಯಾಗಿದ್ದೆ. ನಿಜಕ್ಕೂ ಎಂಟನೇ ಬಾತ್‌ರೂಮಿಗೇ 20 ದಾಟಿತ್ತು. ದಾಟಿದ 30 ದಿನದೊಳಗೆ ಅರ್ಜಿ ಹಾಕಬೇಕು. ಲಾಭ ಎಷ್ಟು ಅಂತ ಇಲ್ಲಿ ಯಾರೂ ಕೇಳಲ್ಲ, ಬಿಲ್ಲಿನ ಮೊತ್ತ ಮಾತ್ರ.

ಇದೇ ಲೆಕ್ಕದಿಂದ ಹೊಳೆದ ದಾರಿ: ಲೇಬರ್ ಕಾಂಟ್ರಾಕ್ಟ್. ಸಾಮಾನು ಮನೆಯವರೇ ಕೊಂಡರೆ ನನ್ನ ವಹಿವಾಟು 12 ಬಾತ್‌ರೂಮಿಗೆ 13,20,000 ಅಷ್ಟೇ. ಆದರೆ ಸಾಮಾನು ಮನೆಯವರದು ಅಂತ ಒಪ್ಪಂದದಲ್ಲಿ ಬರೆದಿರಬೇಕು, ಅಂಗಡಿ ಬಿಲ್ಲು ಅವರ ಹೆಸರಲ್ಲೇ ಇರಬೇಕು. "ನೀವೇ ತಂದ್ಬಿಡಿ ಸಾರ್, ಆಮೇಲೆ ಕೊಡ್ತೀವಿ" ಅಂದರೆ ಸುಮ್ನೆ ತಲೆಯಾಡಿಸಬೇಡಿ.

ನೋಂದಾಯಿಸಿದ ಮೇಲೆ ತೆರಿಗೆ 18%. ವಹಿವಾಟು 50 ಲಕ್ಷದೊಳಗಿದ್ದರೆ ಕಾಂಪೊಸಿಷನ್ ಅನ್ನೋ 6%ರ ಸರಳ ತೆರಿಗೆ ಯೋಜನೆ ಇದೆ. ಅದರಲ್ಲಿ ಗಿರಾಕಿಯಿಂದ ತೆರಿಗೆ ವಸೂಲಿ ಮಾಡುವಂತಿಲ್ಲ, ಸಾಮಾನಿಗೆ ಕಟ್ಟಿದ ತೆರಿಗೆಯೂ ವಾಪಸ್ ಸಿಗಲ್ಲ.

ಜಿಎಸ್‌ಟಿ ಅರ್ಜಿಗೆ ವಿಳಾಸದ ದಾಖಲೆಯಾಗಿ ಕರೆಂಟ್ ಬಿಲ್ ಹಾಕಲು ಹೋದೆ. ನೋಡಿದರೆ ಅದಿನ್ನೂ ತೀರಿಹೋದ ತಾತನ ಹೆಸರಲ್ಲೇ ಇತ್ತು. ಮನೆ ಕಂದಾಯದ ರಸೀದಿ ಅಪ್ಪನ ಹೆಸರಲ್ಲಿತ್ತು. ಅದರ ಜೊತೆ ಅಪ್ಪನಿಂದ ಒಪ್ಪಿಗೆ ಪತ್ರ ಬರೆಸಿ ಹಾಕಿದೆ.