ಮುತ್ತಜ್ಜನ ತೊಟ್ಟಿ ಮನೆಗೆ ಸಿಮೆಂಟ್ ಬೇಡ

ಪ್ರಶ್ನೆ: ನಮ್ಮದು ಮೂಡಿಗೆರೆ ಕಡೆ ಹಳೇ ತೊಟ್ಟಿ ಮನೆ. ಕಟ್ಟಿಸಿದ ಮುತ್ತಜ್ಜ ಬೇಸಾಯದಲ್ಲಿ ಹೊಸದನ್ನು ಮಾಡಿ ನೋಡಿದವರು, ಹಿಂದಿನ ಮೈಸೂರು ಸಂಸ್ಥಾನದ ಪ್ರಜಾಪ್ರತಿನಿಧಿ ಸಭೆಯ ಸದಸ್ಯರೂ ಆಗಿದ್ದವರು. ಮಣ್ಣಿನ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದರೆ ಮನೆ ಗಟ್ಟಿಯಾಗುತ್ತದೆ ಅಲ್ವಾ?

ಇಲ್ಲ, ಆಗುವುದಿಲ್ಲ. ಮಳೆಗಾಲ ಮುಗಿಯುತ್ತಿದ್ದ ಹಾಗೆ ಸಕಲೇಶಪುರ, ಕೊಪ್ಪ, ಮೂಡಿಗೆರೆಯಿಂದ ಇದೇ ಪ್ರಶ್ನೆ ಬರುತ್ತದೆ. ಪ್ರತಿ ಸಲ ಇದೇ ಉತ್ತರ ಬರೆಯುತ್ತೇನೆ. ಈ ಸಲ ಬಿಡಿಸಿ ಹೇಳುತ್ತೇನೆ, ದಯವಿಟ್ಟು ನಿಮ್ಮ ಮೇಸ್ತ್ರಿಗೂ ಓದಿ ಹೇಳಿ.

ಮಣ್ಣಿನ ಗೋಡೆ ನೀರು ಹೀರುತ್ತದೆ. ವರ್ಷಕ್ಕೆ 2,000 ಮಿಲಿಮೀಟರ್ ದಾಟಿ ಮಳೆ ಬೀಳುವ ಕಡೆ ನೆಲದ ತೇವ ಬುಡದಿಂದ ಮೇಲೆ ಏರಿಯೇ ಏರುತ್ತದೆ. ಬಿಸಿಲು ಬಂದಾಗ ಗೋಡೆಯ ಮೈಯಿಂದಲೇ ಆವಿಯಾಗಿ ಹೋಗುತ್ತದೆ. ಸಿಮೆಂಟ್ ಬಳಿದರೆ ಹೋಗುವ ದಾರಿ ಮುಚ್ಚುತ್ತದೆ, ಬರುವ ದಾರಿ ಹಾಗೇ ಇರುತ್ತದೆ. ಸರಿಯಾಗಿ ಒಣಗದ ಕಾಫಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಕಟ್ಟಿದರೆ ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಒಳಗಿನ ಮಣ್ಣು ಮೆತ್ತಗಾಗುತ್ತದೆ. ಹೊರಗೆ ಮಾತ್ರ ನುಣ್ಣಗೆ, ಗಟ್ಟಿಯಾಗಿ ಕಾಣುತ್ತದೆ. ಮೋಸ ಹೋಗುವುದೇ ಇಲ್ಲಿ. ಈಗಾಗಲೇ ಸಿಮೆಂಟ್ ಮಾಡಿಸಿದ್ದರೆ ಬೆರಳಿನ ಗೆಣ್ಣಿನಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಪ್ಲಾಸ್ಟರ್ ಗೋಡೆ ಬಿಟ್ಟಿದೆ. ಇನ್ನೊಂದು, ಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಸಿಮೆಂಟ್ ಬಗ್ಗುವುದಿಲ್ಲ, ಬಿರುಕು ಬಿಡುತ್ತದೆ. ಅಲ್ಲಿಂದ ಒಳಗಿಳಿದ ಮಳೆನೀರು ಮತ್ತೆ ಹೊರಗೆ ಬರಲಾರದು. ಕೊನೆಗೆ ಪ್ಲಾಸ್ಟರ್ ಚಕ್ಕೆ ಚಕ್ಕೆಯಾಗಿ ಬೀಳುವಾಗ ಮಣ್ಣನ್ನೂ ಕಿತ್ತುಕೊಂಡು ಬರುತ್ತದೆ.

"ಆಗ ಸಿಮೆಂಟ್ ಸಿಗುತ್ತಿರಲಿಲ್ಲ, ಸಿಕ್ಕಿದ್ದರೆ ಅಜ್ಜನೇ ಹಾಕಿಸುತ್ತಿದ್ದರು" ಅನ್ನುವವರೂ ಇದ್ದಾರೆ. ಈ ಮಾತು ಕೇಳಿದರೆ ನನಗೆ ಸಂಕಟವಾಗುತ್ತದೆ. 1865ರಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆಯವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ಆಮೇಲೆ ಘಟ್ಟದ ಮೇಲಿನ ಅನುಕೂಲಸ್ಥರು ಹುಲ್ಲಿನ ಮಾಡು ತೆಗೆದು ಆ ಹಂಚು ಹೊದಿಸಿದರು. ಹೊಸ ಸಾಮಾನು ಎಲ್ಲಿ ಬೇಕೋ ಅಲ್ಲಿಗೆ ತಂದರು. ಗೋಡೆಗೆ ಮಣ್ಣು, ಅದರ ಕೆಳಗೆ ಕಲ್ಲಿನ ಪಂಚಾಂಗ ಅಂದರೆ ತಳಪಾಯ, ಮೇಲೆ ಅಗಲವಾದ ಸೂರು, ಎಲ್ಲವೂ ಯೋಚಿಸಿ ಮಾಡಿದ್ದು.

ಈಗ ಕೆಲಸದ ಮಾತು. ಮೊದಲು ಒಡೆದ ಹಂಚು ಬದಲಿಸಿ. ಮನೆ ನಡುವಿನ ತೊಟ್ಟಿಯ ನೀರು ಹೊರಹೋಗುವ ಮೋರಿ ಬಿಡಿಸಿ. ಗೋಡೆಯ ಬುಡಕ್ಕೆ ಏರಿಸಿದ ಮಣ್ಣು, ಕಾಂಕ್ರೀಟ್ ತೆಗೆಸಿ. ಆಮೇಲೆ ಗೋಡೆಗೆ ಮಣ್ಣನ್ನೇ ಮೆತ್ತಿಸಿ, ಇಲ್ಲವೇ ಅರಳಿಸಿದ ಸುಣ್ಣ ಒಂದು ಪಾಲಿಗೆ ಮರಳು ಮೂರು ಪಾಲು ಹಾಕಿದ ಗಾರೆ ಬಳಿಸಿ. ಸುಣ್ಣ ನಿಧಾನಕ್ಕೆ ಗಟ್ಟಿಯಾಗುತ್ತದೆ, ಬೇಗ ಒಣಗದಂತೆ ತೇವ ಕೊಡುತ್ತಿರಬೇಕು.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಅಟ್ಟದ ಮೇಲೆ ಹಳೇ ಕಾಗದ ಇದೆಯಾ? ದಿವಾನ್ ರಂಗಾಚಾರ್ಲು 1881ರ ಅಕ್ಟೋಬರ್‌ನಲ್ಲಿ ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಸೇರಿಸಿದಾಗ ಬಂದವರು 144 ಮಂದಿ. ಆಮೇಲೆ ದಸರಾ ಹೊತ್ತಿಗೆ ಸಭೆ ಸೇರುತ್ತಿತ್ತು. ರೈತರು ದಿವಾನರ ಎದುರು ನಿಂತು ತಮ್ಮೂರಿನ ಕಷ್ಟ ಹೇಳುತ್ತಿದ್ದರು, ಎಂಥ ದೊಡ್ಡ ವಿಷಯ! ಸಭೆಯ ನಡಾವಳಿ ಅಚ್ಚಾಗುತ್ತಿತ್ತು. ಮುತ್ತಜ್ಜನ ಮಾತು ಅದರಲ್ಲಿ ಇದ್ದರೂ ಇರಬಹುದು, ಹುಡುಕಿ. ಚಿಕ್ಕಮಗಳೂರು ಜಿಲ್ಲೆ ಎಂದು ಹುಡುಕಬೇಡಿ, 1947ರವರೆಗೆ ಅದರ ಹೆಸರು ಕಡೂರು ಜಿಲ್ಲೆ. ಕೆಲಸದವರು ಬರುವ ಮೊದಲು ಅಟ್ಟದ ಕಾಗದಗಳನ್ನು ನೀವೇ ಕೆಳಗಿಳಿಸಿ. ತೇವ ಹಿಡಿದ ಹಾಳೆಗಳನ್ನು ಬಿಸಿಲಿಗೆ ಹರವಬೇಡಿ, ನೆರಳಲ್ಲಿ ಗಾಳಿಗೆ ಆರಿಸಿ.